ಬೂದಿ ಅಂಟದ ಬೆನ್ನು

ಆ ಊರಲ್ಲಿ ಜನ ಒಬ್ಬರನ್ನೊಬ್ಬರು ಕಂಡರೆ ಮೊದಲು ಮುಖ ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದರು. ಎದುರಿಗೆ ಬಂದವರು ದಾಟಿ ಹೋಗುವ ತನಕ ತುಟಿ ಬಿಗಿದುಕೊಂಡು, ದಾಟಿದ ಮೇಲೆ ಕತ್ತು ಹೊರಳಿಸಿ ನೋಡಿ, ಬೆನ್ನು ಒಣಗಿದೆ ಎಂದು ಖಾತ್ರಿಯಾದ ಮೇಲೆ "ಚೆನ್ನಾಗಿದ್ದೀಯಾ?" ಎಂದು ಕೇಳುತ್ತಿದ್ದರು. ಕೇಳಿಸಿಕೊಳ್ಳಬೇಕಾದವರು ಅಷ್ಟರಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಹೀಗಾಗಿ ಆ ಊರಲ್ಲಿ ಯಾರು ಚೆನ್ನಾಗಿದ್ದಾರೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಕಾರಣ ಊರಿನ ನೆತ್ತಿಯ ಮೇಲಿದ್ದ ಏರಿ. ಮಣ್ಣಿನ ಏರಿ, ಅದರ ಹಿಂದೆ ಒಂದು ಕಟ್ಟೆಯಷ್ಟು ನೀರು. ದೊಡ್ಡದೇನಲ್ಲ. ಒಂದು ವೀಳ್ಯ ಅಗಿದು ಮುಗಿಸುವಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ನಡೆದುಬಿಡಬಹುದಿತ್ತು. ಆದರೆ ನಡೆಯುವಂತಿರಲಿಲ್ಲ, ಏರಿ ಒಡೆಯರದು. ಅವರ ತಾತ ತಮ್ಮ ಜಾಗದಲ್ಲಿ ತಮ್ಮ ಮಣ್ಣಿನಿಂದ ಕಟ್ಟಿಸಿದ್ದು. ಜಾಗ ಅವರದು, ಮಣ್ಣು ಅವರದು, ನೀರು ಅವರದು, ತೂಬಿನ ಬೀಗದಕೈ ಅವರ ಸೊಂಟದಲ್ಲಿ. ಏರಿಯ ಬುಡದಲ್ಲಿ, ತಗ್ಗಿನ ಕೇರಿಯಲ್ಲಿ ಕೂತಿದ್ದ ನಲವತ್ತು ಮನೆ ಮಾತ್ರ ಬೇರೆಯವರವು. ಒಡೆಯರ ಮನೆ ಏರಿಯ ಪಕ್ಕದ ದಿಬ್ಬದ ಮೇಲಿತ್ತು. ಜಗಲಿಯ ಕುರ್ಚಿಯಲ್ಲಿ ಕೂತರೆ ಅವರಿಗೆ ನೀರು ಕಾಣುತ್ತಿತ್ತು. ಕೇರಿ ಕಾಣಬೇಕಾದರೆ ಎದ್ದು ಅಂಗಳದ ಅಂಚಿಗೆ ಬರಬೇಕಿತ್ತು, ಅವರು ಏಳುತ್ತಿರಲಿಲ್ಲ.

ಊರಿಗೆ ಒಂದು ಕಟ್ಟಳೆ ಇತ್ತು. ಏರಿಯಲ್ಲಿ ತೇವ ಕಂಡವರದೇ ಆ ತೇವ. ಕಂಡವರು ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂರಬೇಕು, ಒಣಗುವ ತನಕ ಏಳುವಂತಿಲ್ಲ. ಒಣಗಿದ ಏರಿಗೆ ತೇವ ಎಲ್ಲಿಂದ ಬಂತು, ನೋಡಿದವನೇ ತಂದಿಟ್ಟಿರಬೇಕು ಎಂಬುದು ಒಡೆಯರ ವಾದ. ಹಿಂದೊಮ್ಮೆ ಬಾವಿ ತೋಡುವವನೊಬ್ಬ ಬಾಯಿಬಿಟ್ಟು ಒಂದಿಡೀ ಮಳೆಗಾಲ ಕೂತ. ಬೇಸಿಗೆಯಲ್ಲಿ ಕಟ್ಟೆಯ ನೀರು ಇಳಿಯಿತು, ತೇವವೂ ಆರಿತು. "ನೋಡಿದಿರಾ ಬೆನ್ನಿನ ಗುಣ!" ಎಂದರು ಒಡೆಯರು. ಊರು ತಲೆಯಾಡಿಸಿತು. ಬಾವಿಯವನು ಏಳಲು ಹೋದರೆ ಸೊಂಟ ನೆಟ್ಟಗಾಗಲಿಲ್ಲ, ಆಮೇಲೆ ಎದೆಯಲ್ಲಿ ನೀರು ತುಂಬಿ ಸತ್ತ. ಅಂದಿನಿಂದ ಯಾರೂ ಏನೂ ಕಾಣಲಿಲ್ಲ.

ಕಾಣಲಿಲ್ಲ ಎಂದರೆ ಸಾಕೇ? ಖಾತ್ರಿಯಾಗಬೇಡವೇ? ಅದಕ್ಕೇ ಬೂದಿಯವನಿದ್ದ. ದಿನಾ ಹೊತ್ತು ಮೂಡುವಾಗ ಕೇರಿಯ ಜನ ಸಾಲಾಗಿ ಏರಿಯ ಕೆಳಗೆ ನಿಲ್ಲುತ್ತಿದ್ದರು. ಬೂದಿಯವನು ಮೊರದಿಂದ ಒಂದೊಂದು ಹಿಡಿ ಒಣ ಬೂದಿ ತೆಗೆದು ಒಬ್ಬೊಬ್ಬರ ಬೆನ್ನಿಗೆ ಎರಚುತ್ತಿದ್ದ. ಬೂದಿ ಉದುರಿದರೆ "ಒಣ" ಎನ್ನುತ್ತಿದ್ದ. ಮುಂದಿನವರು ಬರುತ್ತಿದ್ದರು. ಬೂದಿ, ಒಣ, ಬೂದಿ, ಒಣ. ಮೇಲೆ ಕುರ್ಚಿಯಲ್ಲಿ ಒಡೆಯರು ಕಣ್ಣು ಮುಚ್ಚಿಕೊಂಡು ಆ ಮಾತನ್ನು ಜಪದ ಹಾಗೆ ಕೇಳುತ್ತಿದ್ದರು.

ಬೂದಿಯವನ ಮನೆ ಕೇರಿಯ ಮೊದಲನೆಯದು, ಏರಿಯ ಪಾದಕ್ಕೆ ತಾಗಿಕೊಂಡದ್ದು. ಅವನ ಹೆಂಡತಿ ತುಂಬಿದ ಬಸುರಿ. ಅವಳ ತಾಯಿಯೇ ಊರಿನ ಸೂಲಗಿತ್ತಿ.

ಸೂಲಗಿತ್ತಿಯ ಬಳಿ ಅವಳ ತಾಯಿ ಕೊಟ್ಟ ಒಂದು ಬಿಳಿ ಪಿಂಗಾಣಿ ಬಟ್ಟಲಿತ್ತು. ತಳದಲ್ಲಿ ಒಂದು ನೀಲಿ ಹೂವು. ಹೆರಿಗೆಗೆ ಮುಂಚೆ ಇಳಿಯುವ ನೀರನ್ನು ಅದರಲ್ಲಿ ಹಿಡಿದು ನೋಡುವುದು ಅವರ ಮನೆಯ ಪದ್ಧತಿ. ಹೂವು ಕಂಡರೆ ನೀರು ತಿಳಿ, ಕೂಸು ಸುಖವಾಗಿದೆ, ಹೊತ್ತಿದೆ, ಅವಸರ ಬೇಡ. ಹೂವು ಕಾಣದಿದ್ದರೆ ಕೂಸು ಒಳಗೆ ಒದ್ದಾಡುತ್ತಿದೆ, ಗಳಿಗೆಯೂ ಕಾಯಬಾರದು. ಮೂವತ್ತು ವರ್ಷದಲ್ಲಿ ಬಟ್ಟಲು ಅವಳಿಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಮನುಷ್ಯರ ಬಗ್ಗೆ ಅವಳು ಹಾಗೆ ಹೇಳುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವಳು ಬಾಣಂತಿಗೆ ಬೇಕಾದ ಸೊಪ್ಪು ಕೀಳಲು ಏರಿಯ ಇಳಿಜಾರಿನ ಬಳಿ ಹೋದಳು. ಪೊದೆಯ ಹಿಂದೆ, ಆಳುದ್ದ ಎತ್ತರದಲ್ಲಿ, ಹೆಬ್ಬೆರಳು ತೂರುವಷ್ಟು ಒಂದು ಕಂಡಿಯಿಂದ ನೀರು ಒಸರುತ್ತಿತ್ತು. ಅವಳು ಥಟ್ಟನೆ ಕಣ್ಣು ಮುಚ್ಚಿದಳು. ಕಂಡೆ ಎಂದು ಮನಸ್ಸಿನಲ್ಲಿಯೂ ಅಂದುಕೊಳ್ಳಲಿಲ್ಲ. ಆದರೆ ಕೈ ಕೇಳಬೇಕಲ್ಲ? ಮಡಿಲಿನಿಂದ ಬಟ್ಟಲು ತೆಗೆದು ಒಡ್ಡಿತು. ಕಣ್ಣು ತೆರೆದು ನೋಡಿದರೆ ನೀಲಿ ಹೂವು ನಿಚ್ಚಳವಾಗಿ ಕಾಣುತ್ತಿತ್ತು.

ಮಣ್ಣಿನ ಏರಿ ಎಂದಮೇಲೆ ಒಸರುವುದು ಅದರ ಗುಣ ಎಂದು ಅವಳಿಗೆ ಗೊತ್ತಿತ್ತು. ಒಡೆಯರ ತಾತನಿಗೂ ಗೊತ್ತಿತ್ತು. ಅವರು ಏರಿಯ ಪಾದದಲ್ಲಿ ದಪ್ಪ ಜಲ್ಲಿ ಹಾಸಿ, ಅದರ ತುದಿಗೆ ಕಲ್ಲಿನ ದೋಣಿ ಇಡಿಸಿದ್ದರು. ಏರಿ ಕುಡಿದ ನೀರು ಹಗಲೂ ರಾತ್ರಿ ಅಲ್ಲಿ ತಿಳಿಯಾಗಿ ತೊಟ್ಟಿಕ್ಕುತ್ತಿತ್ತು. ಸೂಲಗಿತ್ತಿ ಚಿಕ್ಕವಳಿದ್ದಾಗ ಆ ದೋಣಿಗೆ ಬಾಯಿಟ್ಟು ನೀರು ಕುಡಿದಿದ್ದಳು. ಮೊಮ್ಮಗ ಒಡೆಯರಾದ ಮೇಲೆ, ಸೋರುವ ಏರಿ ಎಂದರೆ ಮನೆತನಕ್ಕೆ ಅವಮಾನ ಎಂದು, ದೋಣಿ ಕೀಳಿಸಿ, ಜಲ್ಲಿಗೆ ಜೇಡಿಮಣ್ಣು ಮೆತ್ತಿಸಿ, ಮೇಲೆ ಸಗಣಿ ಸಾರಿಸಿ ರಂಗೋಲಿ ಹಾಕಿಸಿದರು. ಅಷ್ಟೂ ಸಾಲದು ಎಂದು, ಹೆಚ್ಚಾದ ನೀರು ಹರಿದು ಹೋಗುವ ಕೋಡಿಗೂ ಎರಡು ಸಾಲು ಕಲ್ಲು ಏರಿಸಿದರು. ಏರಿ ಒಣಗಿತು. ಎಷ್ಟು ಚೆಂದ ಒಣಗಿತು ಎಂದು ಊರೆಲ್ಲ ಹೊಗಳಿತು. ತೇವ ಮೇಲಕ್ಕೆ ಹತ್ತಲು ಶುರುವಾದದ್ದು ಆಗಿನಿಂದ.

ಮಾರನೆಯ ಮಧ್ಯಾಹ್ನ ಅವಳು ಮತ್ತೆ ಹೋದಳು. ಕಂಡಿಯ ಮೇಲೆ ಯಾರೋ ತೆಂಗಿನ ಚಿಪ್ಪು ಬೋರಲು ಹಾಕಿದ್ದರು.

ನೀರನ್ನು ಕಂಡಾಗ ಹೆದರದವಳು ಚಿಪ್ಪನ್ನು ಕಂಡು ಬೆವೆತುಹೋದಳು. ಚಿಪ್ಪು ತಾನಾಗಿ ನಡೆದು ಬರುವುದಿಲ್ಲ. ಇನ್ನೊಬ್ಬರು ಕಂಡಿದ್ದಾರೆ. ಕಂಡವರು ತನ್ನನ್ನೂ ಕಂಡಿರಬಹುದು. ಅವಳು ಮನೆಗೆ ಓಡಿ ಸೀರೆ ಬದಲಿಸಿ, ಒಲೆಯ ಬೂದಿ ತೆಗೆದು ತನ್ನ ಬೆನ್ನಿಗೆ ತಾನೇ ಎರಚಿಕೊಂಡು ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ, ಇವಳನ್ನು ಯಾರೂ ಕಳ್ಳಿ ಎಂದೇ ಇರಲಿಲ್ಲ.

ನಾಲ್ಕು ದಿನ ಕಳೆಯುವಷ್ಟರಲ್ಲಿ ಚಿಪ್ಪಿನ ಜಾಗದಲ್ಲಿ ಒಂದು ಮಡಕೆ. ಕಂಡಿ ಮುಷ್ಟಿಯಷ್ಟಾಗಿತ್ತು. ಮಡಕೆಗೆ ಎಳ್ಳೆಣ್ಣೆಯ ವಾಸನೆ. ಊರಲ್ಲಿ ಎಣ್ಣೆ ಮಡಕೆ ಇರುವುದು ಗಾಣದವನ ಮನೆಯಲ್ಲಿ ಮಾತ್ರ. ಅದಾಗಿ ವಾರಕ್ಕೆ ಮಡಕೆಯನ್ನೂ ಮುಚ್ಚಿಕೊಂಡು ಒಂದು ಮೊರ. ಅದರ ಅಂಚಿಗೆ ಉದ್ದಿನ ಹಿಟ್ಟು ಒಣಗಿ ಅಂಟಿತ್ತು, ಹಪ್ಪಳದಜ್ಜಿಯ ಮೊರ. ಪೊದೆಯ ಹಿಂದಿನ ಹುಲ್ಲು ತುಳಿದು ತುಳಿದು ಸವೆದಿತ್ತು. ಕಂಡಿಯ ಎರಡೂ ಪಕ್ಕದ ಇಳಿಜಾರಿನಲ್ಲಿ ನುಣ್ಣಗಾದ ಗುಳಿಗಳಿದ್ದವು, ಒಂದು ಅಗಲ, ಒಂದು ಕಿರಿದು, ಒಂದು ಗೂನು. ಯಾರು ಯಾರೋ ಬಂದು ಒರಗಿ ಕೂತು ಹೋದ ಗುರುತು. ಅವಳು ಅವನ್ನು ನೋಡಿ ಮುಖ ತಿರುಗಿಸಿದಳು.

ಬೆಳಗಿನ ಸಾಲಿನಲ್ಲಿ ಅವಳೀಗ ಎಲ್ಲರನ್ನೂ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಗಾಣದವನು ಯಾಕೆ ಎರಡು ಅಂಗಿ ತೊಟ್ಟಿದ್ದಾನೆ? ಹಪ್ಪಳದಜ್ಜಿ ಇಂಥ ಸೆಕೆಯಲ್ಲಿ ಯಾಕೆ ಕಂಬಳಿ ಹೊದ್ದಿದ್ದಾಳೆ? ಅವರೂ ಇವಳನ್ನು ನೋಡುತ್ತಿದ್ದರು.

"ಏನವ್ವ, ಸೊಪ್ಪಿಗೆ ದಿನಾ ಹೋಗ್ತೀಯಂತೆ," ಎಂದಳು ಅಜ್ಜಿ.

"ನೀನು ಎಲ್ಲಿಂದ ನೋಡ್ದೆ ಅಜ್ಜಿ?"

"ನಾನೇನೂ ನೋಡಿಲ್ಲ ಕಣವ್ವ," ಎಂದು ಅಜ್ಜಿ ಕಂಬಳಿ ಬಿಗಿ ಮಾಡಿಕೊಂಡಳು.

ಸೂಲಗಿತ್ತಿಗೆ ಇದ್ದ ಚಿಂತೆ ಒಂದೇ, ಮಗಳು. ಏರಿ ಜಾರಿದರೆ ಮೊದಲು ಹೋಗುವುದು ಆ ಮನೆ. ಕೇರಿಯ ಆಚೆ ತುದಿಯಲ್ಲಿ ತುಸು ಎತ್ತರಕ್ಕಿದ್ದ ತನ್ನ ಮನೆಗೆ ಬಾ ಎಂದು ಅವಳು ಮೂರು ಸಲ ಕರೆದಿದ್ದಳು.

"ಹೇಗೆ ಬರಲವ್ವ?" ಎಂದಿದ್ದಳು ಮಗಳು. "ಬೂದಿಯವನ ಹೆಂಡತಿನೇ ಮನೆ ಬಿಟ್ಟು ಮೇಲಕ್ಕೆ ಹೋದ್ರೆ ಜನ ಏನಂತಾರೆ? ಏನು ಕಂಡೆ ಅಂತಾರೆ. ಹೋದವರ ಮನೆ ಹುಡುಕಿ ಬೂದಿ ಹಾಕ್ತಾರೆ."

ಅದು ನಿಜವೇ. ಆ ಊರಲ್ಲಿ ಹೊರಡುವುದೂ ಕಂಡಂತೆಯೇ. ಹೋಗಲಿ, ಬಾಯಿಬಿಟ್ಟು ಹೇಳಿಬಿಡೋಣ ಎಂದರೆ ತಾನು ಬೆನ್ನು ಕೊಟ್ಟು ಕೂರಬೇಕು. ಆಗ ಮಗಳ ಹೆರಿಗೆ ಮಾಡುವವರು ಯಾರು? ಊರಿಗೆ ಇದ್ದವಳು ಒಬ್ಬಳೇ ಸೂಲಗಿತ್ತಿ. ಬಟ್ಟಲಿನಲ್ಲಿ ಹೂವು ಕಾಣುವ ತನಕ ಹೊತ್ತಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ದಿನಾ ಮಧ್ಯಾಹ್ನ ಹೋದಳು, ದಿನಾ ಬಟ್ಟಲು ಒಡ್ಡಿದಳು, ದಿನಾ ಹೂವು ಕಂಡಳು.

ಹತ್ತೊಂಬತ್ತನೆಯ ಮಧ್ಯಾಹ್ನ ಪೊದೆಯ ಹಿಂದೆ ಮೊರ ಇರಲಿಲ್ಲ. ಅಲ್ಲಿ ಒಂದು ತೊಟ್ಟಿಲು ಬೋರಲು ಬಿದ್ದಿತ್ತು.

ಕೆಂಪು ಹಸಿರು ಅರಗಿನ ಪಟ್ಟೆ, ನಾಲ್ಕು ಗಿಳಿ, ಒಂದು ಗಿಳಿಯ ಕೊಕ್ಕು ಮುಕ್ಕು. ಆ ಮುಕ್ಕು ಗಿಳಿಗಾಗಿ ತೊಟ್ಟಿಲು ಮಾಡುವವನೊಂದಿಗೆ ಜಗಳವಾಡಿದ್ದು ಅವಳೇ. ಮಗಳ ಮನೆಯ ತೊಲೆಗೆ ಅದನ್ನು ತೂಗುಹಾಕಿಸಿದ್ದೂ ಅವಳೇ. ಖಾಲಿ ತೊಟ್ಟಿಲು ತೂಗಿದರೇ ಬೈಯುವ ಜನ ನಾವು. ಇದು ಬೋರಲು ಬಿದ್ದ ತೊಟ್ಟಿಲು. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಕಂಡಿ ಮಡಕೆಯನ್ನು ಯಾವಾಗಲೋ ನುಂಗಿಬಿಟ್ಟಿತ್ತು. ನೀರು ತೋಳಿನ ಗಾತ್ರ ಬರುತ್ತಿತ್ತು. ಅವಳು ಬಟ್ಟಲು ಒಡ್ಡಿದಳು.

ಹೂವು ಕಾಣಲಿಲ್ಲ. ನೀರು ಕೆಂಪಗೆ ದಪ್ಪಗಿತ್ತು. ಬೆರಳಿನಿಂದ ಉಜ್ಜಿದರೆ ಸಣ್ಣ ಮರಳು ಸಿಕ್ಕಿತು. ಏರಿಯ ಒಳಗಿನ ಮಣ್ಣೇ ಕರಗಿ ಬರುತ್ತಿದೆ. ಹೊರಗೆ ಚೆಂದವಾಗಿ ಒಣಗಿ ನಿಂತಿರುವುದು ಬರೀ ಸಿಪ್ಪೆ ಎಂದು ಅವಳಿಗೆ ತಿಳಿಯಿತು.

"ಅತ್ತೆಮ್ಮ."

ಪೊದೆಯ ಆಚೆ ಬೂದಿಯವನು ನಿಂತಿದ್ದ. ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಅತ್ತೆಯನ್ನು ಕಂಡು ಪಟಪಟನೆ ತೊಟ್ಟುಕೊಂಡ. ಬೇಲಿಯೇ ಹೊಲ ಮೇಯುವುದನ್ನು ಕೇಳಿದ್ದೆವು, ಇಲ್ಲಿ ಬೇಲಿಯೇ ನೆನೆದು ತೊಪ್ಪೆಯಾಗಿತ್ತು.

"ತೊಟ್ಟಿಲು ನೀವೇ ತಂದಿರಾ ಅಳಿಯಂದಿರೇ?"

ಅವನು ನೆಲ ನೋಡಿದ. "ಅವಳಿಗೆ ಬಣ್ಣ ಹಚ್ಚಿಸೋಕೆ ಕೊಟ್ಟಿದೀನಿ ಅಂದಿದೀನಿ. ಇದನ್ನ ಮುಚ್ಚೋ ಅಷ್ಟು ದೊಡ್ಡದು ಮನೇಲಿ ಬೇರೆ ಏನಿರ್ಲಿಲ್ಲ."

"ಎಷ್ಟು ದಿನದಿಂದ ಗೊತ್ತು?"

"ಚಿಪ್ಪು ಹಾಕೋಕೂ ಮುಂಚಿಂದ." ಅವನು ತೊಟ್ಟಿಲಿಗೆ ಹತ್ತಿದ ಮಣ್ಣು ಒರೆಸಿದ. "ದಿನಾ ಬಂದು ಬೆನ್ನು ಕೊಡ್ತೀನಿ ಅತ್ತೆಮ್ಮ. ರಾತ್ರಿ ಊಟ ಬಿಟ್ಟು ಬರ್ತೀನಿ, ಇವತ್ತು ಹಗಲೂ ಬಂದೆ. ಎಷ್ಟು ಒತ್ತಿ ಕೂತ್ರೂ ಒಣಗ್ತಾ ಇಲ್ಲ. ನನ್ನ ಬೆನ್ನಲ್ಲೇ ಏನೋ ದೋಷ ಇರಬೇಕು."

ಅವಳಿಗೆ ಸಿಟ್ಟು ಬಂದಿತ್ತು, ಬೈಯಲು ಬಾಯಿ ತೆರೆದಿದ್ದಳು. ಈ ಮಾತು ಕೇಳಿ ಸಿಟ್ಟೆಲ್ಲ ಅಳುವಾಗಿ ಬಂತು. ಇಡೀ ಊರು ಏರಿಯನ್ನು ನಂಬಿ, ತನ್ನ ಬೆನ್ನನ್ನು ಅನುಮಾನಿಸುತ್ತಿತ್ತು.

"ದೋಷ ನಿಮ್ಮ ಬೆನ್ನಿಂದಲ್ಲ," ಎಂದಳು. "ಕೆಳಗಿನ ಬಾಯಿ ಮುಚ್ಚಿದ್ರು, ಅದು ಮೇಲೆ ಬಾಯಿ ಬಿಟ್ತು. ಬಟ್ಟಲು ನೋಡಿ. ಹೂವು ಕಾಣ್ತದಾ?"

ಅವನು ಬಗ್ಗಿ ನೋಡಿದ. "ಇಲ್ಲ."

"ಹಾಗಾದ್ರೆ ಸಂಜೆ ತನಕ ನಿಲ್ಲಲ್ಲ."

"ಒಡೆಯರಿಗೆ ಹೇಳಿ ತೂಬು ಎತ್ತಿಸಿದ್ರೆ?"

"ತೂಬು ಎತ್ತಿದ್ರೂ ಈ ಹೊತ್ತಲ್ಲಿ ಎಷ್ಟು ನೀರು ಇಳಿದೀತು? ಹೇಳಿದವರನ್ನ ಮೊದಲು ಇಲ್ಲಿ ಕೂರಿಸ್ತಾರೆ, ಆಮೇಲೆ ನಲವತ್ತು ಮನೇಗೂ ಬೂದಿ ಹಾಕ್ತಾರೆ. ಅಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ." ಅವಳು ಬಟ್ಟಲನ್ನು ಚೆಲ್ಲಿ ಸೆರಗಿನಲ್ಲಿ ಒರೆಸಿದಳು. "ಹೋಗಿ ಕೇರಿಗೆಲ್ಲ ಸಾರಿ. ನಿಮ್ಮ ಹೆಂಡತಿಗೆ ನೋವು ಬಂದಿದೆ."

"ಬಂದಿದೆಯಾ?"

"ಬರುತ್ತೆ."

ಆ ಊರಲ್ಲಿ ಹೆರಿಗೆಗೂ ಒಂದು ಕಟ್ಟಳೆಯಿತ್ತು. ಅದು ಏರಿಗಿಂತ ಹಳೆಯದು. ಸೂಲಗಿತ್ತಿ ಯಾವ ಬಾಗಿಲು ತೋರಿಸುತ್ತಾಳೋ ಅಲ್ಲೇ ಹೆರಿಗೆ, ಆ ಬಾಗಿಲನ್ನು ಯಾರೂ ಮುಚ್ಚುವಂತಿಲ್ಲ. ನೋವು ಶುರುವಾದರೆ ಕೇರಿಯ ಒಲೆಗಳೆಲ್ಲ ಆರಬೇಕು, ಪ್ರತಿ ಮನೆಯಿಂದ ಒಂದು ಚೊಂಬು ಬಿಸಿನೀರು ಬರಬೇಕು, ಮನೆಯಲ್ಲಿ ಒಂದು ನರಪಿಳ್ಳೆಯೂ ಉಳಿಯಬಾರದು. ಉಳಿದರೆ ಬರುವ ಕೂಸು ಬಾಗಿಲು ತಪ್ಪಿ ಆ ಮನೆಗೆ ಹೋಗುತ್ತದೆ ಎಂಬ ನಂಬಿಕೆ. ಕಟ್ಟಿದ ಗಂಟುಗಳನ್ನೆಲ್ಲ ಬಿಚ್ಚಬೇಕು, ದನದ ಹಗ್ಗವನ್ನೂ ಬಿಡುವಂತಿಲ್ಲ. ಗಂಟು ಉಳಿದರೆ ಕೂಸು ಒಳಗೇ ಗಂಟಾಗುತ್ತದೆ.

ಮಗಳು ಅಕ್ಕಿ ಆರಿಸುತ್ತ ಕೂತಿದ್ದಳು.

"ಏಳೇ. ಕೂಗು."

"ನೋವೇ ಇಲ್ವಲ್ಲವ್ವ!"

"ಬಂದ ಹಾಗೆ ಕೂಗು. ಯಾಕೆ ಅಂತ ಕೇಳಬೇಡ. ಕೇಳಿದ್ರೆ ನಾನು ಹೇಳ್ಬೇಕಾಗುತ್ತೆ, ಹೇಳಿದ್ರೆ ನೀನು ಕಂಡ ಹಾಗೆ."

ಮಗಳು ತಾಯಿಯ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು, ತಲೆ ಎತ್ತಿ ತೊಲೆಯಲ್ಲಿ ಖಾಲಿ ತೂಗುತ್ತಿದ್ದ ಕೊಂಡಿಗಳನ್ನು ನೋಡಿದಳು. ಮರದ ಮುಂದೆ ನಿಂತು ಮರ ಎಲ್ಲಿ ಎಂದು ಕೇಳುವಷ್ಟು ದಡ್ಡಿಯೇನಲ್ಲ. ಅಕ್ಕಿಯ ತಟ್ಟೆ ಸರಿಸಿ, ಸೊಂಟ ಹಿಡಿದುಕೊಂಡು, ಕೇರಿ ನಡುಗುವ ಹಾಗೆ ಕೂಗಿದಳು.

ಒಲೆಗಳು ಆರಿದವು. ಜನ ಬಂದರು. ಬಂದವರಿಗೆ ಸೂಲಗಿತ್ತಿ ಕೈಯೆತ್ತಿ ದಿಬ್ಬ ತೋರಿಸಿದಳು. "ಕೂಸು ಅಡ್ಡ ಮಲಗಿದೆ. ತಗ್ಗಿನಲ್ಲಿ ತಿರುಗೋದಿಲ್ಲ. ಒಡೆಯರ ಪಡಸಾಲೇಲಿ ಹೆರಿಗೆ."

ಯಾರೂ ಯಾಕೆ ಎನ್ನಲಿಲ್ಲ. ಅದೇ ಅವಳ ಅನುಮಾನಕ್ಕೆ ಉತ್ತರವಾಗಿತ್ತು. ಒಂದು ಚೊಂಬು ನೀರು ತರಬೇಕಾದ ಜನ ಏನೇನು ತಂದಿದ್ದರು ನೋಡಬೇಕು! ಬೂದಿಯವನ ಕಂಕುಳಲ್ಲಿ ಬೂದಿಯ ಮೊರವಿತ್ತು. ಗಾಣದವನು ಎತ್ತಿನ ಮೇಲೆ ದೇವರ ಪಟ, ಎಣ್ಣೆಯ ಡಬ್ಬ, ಮಡಿಸಿದ ಹಾಸಿಗೆ ಹೊರಿಸಿದ್ದ. ಹಪ್ಪಳದಜ್ಜಿ ಒಂದು ತಗಡಿನ ಟ್ರಂಕನ್ನು ಧರಧರ ಎಳೆದು ತರುತ್ತಿದ್ದಳು.

"ಕೂಸು ನೋಡೋಕೆ ಟ್ರಂಕು ಯಾಕಜ್ಜಿ?" ಎಂದ ಗಾಣದವನು.

"ಹಳೇ ಬಟ್ಟೆ ಕಣಪ್ಪ, ಕೂಸಿಗೆ. ನಿನ್ನ ಹಾಸಿಗೆ?"

"ಬಾಣಂತಿಗೆ."

ನಲವತ್ತು ಮನೆಯ ಜನ, ಕುಂಟರು ಕುರುಡರು, ಎಳೆಮಕ್ಕಳು, ಹಗ್ಗ ಬಿಚ್ಚಿದ ದನ, ಮೇಕೆ, ಕೋಳಿ, ಎಲ್ಲವೂ ದಿಬ್ಬ ಹತ್ತಿದವು. ಏರಿಯ ಪಕ್ಕದಲ್ಲೇ ಹಾದು ಹೋದರೂ ಒಂದು ಕಣ್ಣೂ ಅತ್ತ ತಿರುಗಲಿಲ್ಲ. ಮುಂದೆ ಮಗಳು ಕೂಗುತ್ತಿದ್ದಳು, ಹಿಂದೆ ಊರು ನಡೆಯುತ್ತಿತ್ತು.

ಒಡೆಯರು ಕುರ್ಚಿಯಿಂದ ಏಳದೆ ಕೇಳಿದರು, "ಯಾಕೆ, ನನ್ನ ಬಾಗಿಲೇ ಬೇಕಿತ್ತೇನು?"

"ಕೂಸು ಅಡ್ಡ ಇದೆ ಬುದ್ಧಿ. ತಾವೂ ಅಡ್ಡ ಇದ್ರಿ. ನಮ್ಮವ್ವ ಇದೇ ಪಡಸಾಲೇಲಿ ತಮ್ಮನ್ನ ತಿರುಗಿಸಿ ತೆಗೆದಿದ್ಲು."

ಒಡೆಯರ ಕಣ್ಣು ಸಣ್ಣಗಾಯಿತು. "ದನ ಯಾಕೆ?"

"ಗಂಟು ಬಿಚ್ಚಬೇಕಲ್ಲ ಬುದ್ಧಿ."

"ಟ್ರಂಕು?"

ಆಗ ಮಗಳು ಕೂಗಿದಳು. ಈ ಸಲದ ಕೂಗು ಬೇರೆಯಾಗಿತ್ತು. ಸೂಲಗಿತ್ತಿ ಥಟ್ಟನೆ ತಿರುಗಿದಳು. ಹೊಸ್ತಿಲ ಮೇಲೆ ನಿಂತಿದ್ದ ಮಗಳ ಕಾಲ ಬಳಿ ನೀರು ಹರಿದಿತ್ತು. ಸುಳ್ಳು ಹೇಳಿಸಿಕೊಂಡ ನೋವು ಸುಮ್ಮನಿರದೆ ನಿಜವಾಗಿ ಬಂದಿತ್ತು. ಅವಳು ಬಾಗಿ ಬಟ್ಟಲು ಒಡ್ಡಿದಳು. ಹೂವು ಕಂಡಿತು. ಆ ದಿನದಲ್ಲಿ ಅವಳು ನಕ್ಕದ್ದು ಆಗ ಒಂದೇ ಸಲ.

ಜನ ಅಂಗಳದಲ್ಲಿ ಕೂತರು. ರೂಢಿಯಂತೆ ಏರಿಗೆ ಬೆನ್ನು ಮಾಡಿ ಕೂತರು. ನೀರಿನ ಕಡೆ ಮುಖವಿದ್ದದ್ದು ಒಡೆಯರದೊಂದೇ. ಪಡಸಾಲೆಯಲ್ಲಿ ಸೂಲಗಿತ್ತಿ ಮಗಳ ಮೊಣಕಾಲು ಹಿಡಿದು, "ಇನ್ನೊಂದು ಸಲ, ತಾಯಿ, ಇನ್ನೊಂದೇ ಸಲ" ಎನ್ನುತ್ತಿದ್ದಳು. ಬಿಸಿನೀರಿನ ಚೊಂಬುಗಳು ಒಂದೊಂದಾಗಿ ಒಳಗೆ ಬಂದವು. ಅಂಗೈಗೆ ಕೂಸಿನ ತಲೆ ಸಿಕ್ಕಿತು. ಅದೇ ಹೊತ್ತಿಗೆ ಅವಳ ಅಂಗಾಲಿನ ಕೆಳಗೆ ನೆಲ ಸಣ್ಣಗೆ ಅದುರಿತು.

ಮಣ್ಣಿನ ಏರಿ ಸದ್ದು ಮಾಡಿಕೊಂಡು ಒಡೆಯುವುದಿಲ್ಲ. ಮೊದಲು ನಡು ಸೋತವರ ಹಾಗೆ ಒಂದು ಗೇಣು ಕುಸಿದು ಕೂರುತ್ತದೆ. ಆಮೇಲೆ ನೀರು ಆ ತಗ್ಗನ್ನು ಮೂಸಿ ನೋಡುತ್ತದೆ. ಸದ್ದು ಬರುವುದು ಎಲ್ಲಕ್ಕಿಂತ ಕೊನೆಗೆ.

"ಏರಿ!" ಎಂದು ಒಡೆಯರು ಕಿರುಚಿದರು. "ಏರಿ ಹೋಯ್ತು! ನೋಡ್ರೋ, ನೋಡ್ರೋ!"

ಯಾರೂ ತಿರುಗಲಿಲ್ಲ. ಇಷ್ಟು ವರ್ಷ ನೋಡಬೇಡಿ ಎಂದು ಕಲಿಸಿದ ಮೇಲೆ ಒಮ್ಮೆಲೇ ನೋಡಿ ಎಂದರೆ ಕತ್ತು ತಿರುಗುತ್ತದೆಯೇ? ನೀರು ಮೊದಲು ಬೂದಿಯವನ ಮನೆಯನ್ನು, ಆಮೇಲೆ ಮುಂದಿನದನ್ನು, ಆಮೇಲೆ ಮುಂದಿನದನ್ನು ಎತ್ತಿಕೊಂಡು ಹೋಗುತ್ತಿದ್ದ ಸದ್ದನ್ನು ಅವರು ಬೆನ್ನಿನಲ್ಲೇ ಕೇಳಿಸಿಕೊಂಡರು. ಕೂಸು ಅತ್ತಿತು. ಹೆಣ್ಣು ಕೂಸು.

ಸದ್ದು ನಿಂತ ಮೇಲೆ ಒಡೆಯರು ಎಷ್ಟೋ ವರ್ಷಕ್ಕೆ ಮೊದಲ ಸಲ ಎದ್ದು ಅಂಗಳದ ಅಂಚಿಗೆ ಹೋದರು. ಕೆಳಗೆ ಕೇರಿ ಇರಲಿಲ್ಲ. ಕೆಂಪು ಕೆಸರು, ಕಲ್ಲು, ಅಲ್ಲೊಂದು ಇಲ್ಲೊಂದು ಕಂಬ. ಅವರು ಬಹಳ ಹೊತ್ತು ನೋಡಿದರು. ತಿರುಗಿದಾಗ ಮುಖದಲ್ಲಿ ದುಃಖವಿರಲಿಲ್ಲ, ಲೆಕ್ಕ ತಪ್ಪಿದವರ ಸಂಶಯವಿತ್ತು.

"ಕೆಳಗೆ ಒಂದು ನಾಯಿಯೂ ಸತ್ತಿಲ್ಲ," ಎಂದರು. "ಯಾಕೆ ಸತ್ತಿಲ್ಲ?"

ಅವರು ಅಂಗಳದಲ್ಲಿ ಕೂತವರನ್ನು ಒಬ್ಬೊಬ್ಬರಾಗಿ ನೋಡಿದರು.

"ಯಾರಿಗೋ ಗೊತ್ತಿತ್ತು. ಗೊತ್ತಿಲ್ಲದಿದ್ರೆ ಇದ್ದ ಕಡೆ ಇರ್ತಿದ್ರಿ. ಯಾರೋ ಕಂಡಿದ್ದಾರೆ, ಕಂಡವರೇ ಏರಿ ಕೆಡಿಸಿದ್ದಾರೆ." ಅವರ ಬೆರಳು ಪಡಸಾಲೆಯ ಬಾಗಿಲಿಗೆ ತಿರುಗಿತು. "ಎಲ್ಲರನ್ನೂ ಇಲ್ಲಿಗೆ ಕರೆತಂದವಳು ಯಾರು?"

ಬೇರೆ ಊರಲ್ಲಾಗಿದ್ದರೆ ಆ ಪ್ರಶ್ನೆಯ ಬಳಿಕ ಸೂಲಗಿತ್ತಿಯ ಕಾಲು ಹಿಡಿಯುತ್ತಿದ್ದರು. ಆ ಊರಲ್ಲಿ ಸತ್ತಿದ್ದರೆ ಮಾತ್ರ ನಿರಪರಾಧಿಗಳು. ಬದುಕಿದ್ದೇ ಸಾಕ್ಷಿಯಾಗಿ ನಿಂತಿತ್ತು. ಅವಳು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊಸ್ತಿಲಿಗೆ ಬಂದಳು.

"ಬೂದಿ ಹಾಕೋ ಅವಳಿಗೆ," ಎಂದರು ಒಡೆಯರು. "ಅಂಟಿದ್ರೆ, ಉಳಿದಿರೋ ಮೋಟು ಏರೀಲಿ ಕೂರ್ಸಿ. ಇನ್ನೂ ಸೋರ್ತಾ ಇದೆ."

ಅವಳು ಕೂಸನ್ನು ಹಪ್ಪಳದಜ್ಜಿಯ ಕೈಗೆ ಕೊಟ್ಟು ಬೆನ್ನು ತಿರುಗಿಸಿದಳು. ಬೆವರಿನಲ್ಲಿ, ಬಿಸಿನೀರಿನಲ್ಲಿ, ಮಗಳ ಮೈಯ ನೀರಿನಲ್ಲಿ ಅವಳ ಸೀರೆ ಹಿಂಡುವಷ್ಟು ನೆನೆದಿತ್ತು. ಬೂದಿ ಅಂಟಿಯೇ ಅಂಟುತ್ತದೆ. ಮೋಟು ಏರಿಯ ಮಣ್ಣು ಇನ್ನೂ ಜಾರುತ್ತಿತ್ತು. ಅಲ್ಲಿ ಕೂತವರು ಏಳುವುದಿಲ್ಲ. ಅವಳಿಗೆ ಭಯವಾಯಿತು, ತುಂಬ ಭಯವಾಯಿತು. ಮೊಮ್ಮಗಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ ಎಂದು ನೆನಪಾಯಿತು. ಹಿಂದೆ ಬೂದಿಯವನ ಹೆಜ್ಜೆ ಹತ್ತಿರ ಬಂದು ನಿಂತಿತು. ಅವಳು ಕಣ್ಣು ಮುಚ್ಚಿ ಕಾದಳು.

ಬೂದಿ ಬೀಳಲಿಲ್ಲ. ಮೊರ ನೆಲಕ್ಕಿಟ್ಟ ಸದ್ದಾಯಿತು.

ಅವಳು ತಿರುಗಿ ನೋಡಿದಳು. ಅಳಿಯ ಅಂಗಿ ಕಳಚುತ್ತಿದ್ದ. ಕಳಚಿ, ಊರಿಗೂ ಒಡೆಯರಿಗೂ ಬೆನ್ನು ತೋರಿಸಿ ನಿಂತ. ಕತ್ತಿನಿಂದ ಸೊಂಟದ ತನಕ ಅವನ ಚರ್ಮವೇ ಏರಿಯ ಮಣ್ಣಿನಂತೆ ಕೆಂಪಗಾಗಿತ್ತು, ನೀರಿನಲ್ಲಿ ನೆನೆನೆನೆದು ಸುಕ್ಕುಗಟ್ಟಿತ್ತು.

"ನಾನು ಕಂಡೆ," ಎಂದ. "ಅತ್ತೆಮ್ಮನಿಗಿಂತ ಮುಂಚೆ ಕಂಡೆ. ತೊಟ್ಟಿಲು ನಂದು."

ಆ ಮಾತು ಆ ಊರಲ್ಲಿ ಯಾರೂ ಕೇಳದ ಮಾತು. ಜನ ಮಿಸುಕಾಡಿದರು. ಹಪ್ಪಳದಜ್ಜಿ ಕೂಸನ್ನು ಎದೆಗೆ ಒತ್ತಿಕೊಂಡೇ ಕಂಬಳಿ ಜಾರಿಸಿದಳು. ಹಳೆಯ ಕುಪ್ಪಸದ ಬೆನ್ನು ಕೆಂಪಗಿತ್ತು.

"ಮೊರ ನಂದು," ಎಂದಳು. "ವಯಸ್ಸಾದೋಳು, ಸತ್ರೆ ನಾನೊಬ್ಳು ಸಾಯ್ತೀನಿ ಅಂತ ಹೋಗಿ ಕೂರ್ತಿದ್ದೆ."

"ಮಡಕೆ ನಂದು," ಎಂದು ಗಾಣದವನು ಎರಡೂ ಅಂಗಿ ಬಿಚ್ಚಿದ.

ಚಿಪ್ಪು ತನ್ನದೆಂದು ಹಿಂದಿನಿಂದ ಒಬ್ಬಳು ಕೂಗಿದಳು. ಏನನ್ನೂ ಮುಚ್ಚದೆ ಬರೀ ಕೂತು ಬಂದವರು ಎಷ್ಟೋ ಜನ. ಒಬ್ಬರ ಹಿಂದೆ ಒಬ್ಬರು ಎದ್ದು ಬೆನ್ನು ತಿರುಗಿಸಿದರು. ಕೇರಿಯ ಜನವೆಲ್ಲ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಒಬ್ಬರನ್ನೊಬ್ಬರು ಅನುಮಾನಿಸುತ್ತ, ಅದೇ ಪೊದೆಯ ಹಿಂದೆ ಹೋಗಿ, ಆ ಏರಿಯನ್ನು ತಮ್ಮ ತಮ್ಮ ಬೆನ್ನಿನಲ್ಲಿ ಹಿಡಿದು ನಿಲ್ಲಿಸಲು ನೋಡಿದ್ದರು. ಅಂಗಳದ ತುಂಬ ಕೆಂಪು ಬೆನ್ನುಗಳು. ಸೂಲಗಿತ್ತಿ ನೋಡುತ್ತ ನಿಂತಳು. ಇಷ್ಟು ದಿನ ಇವರನ್ನು ಓರೆಗಣ್ಣಿನಲ್ಲಿ ನೋಡಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ದುಃಖವಾಯಿತು. ಹತ್ತೊಂಬತ್ತು ದಿನದ ಹಿಂದೆ ಒಂದು ಬಾಯಿ ತೆರೆದಿದ್ದರೆ ಕೇರಿಯೂ ಉಳಿಯುತ್ತಿತ್ತು.

"ಸರಿ, ಸರಿ," ಎಂದರು ಒಡೆಯರು. ದನಿ ಒಣಗಿತ್ತು. "ಆಮೇಲೆ ನೋಡೋಣ." ಅವರು ಒಳಗೆ ಹೋಗಲು ತಿರುಗಿದರು.

ತಿರುಗಿದಾಗ ಊರು ಮೊದಲ ಸಲ ಅವರ ಬೆನ್ನು ನೋಡಿತು. ಬೆಳ್ಳನೆಯ ಜುಬ್ಬ, ಮಡಿಕೆ ಕೂಡ ಕೆಟ್ಟಿರಲಿಲ್ಲ. ತಮ್ಮ ಜಾಗದ, ತಮ್ಮ ಮಣ್ಣಿನ, ತಮ್ಮ ನೀರಿನ ಏರಿಗೆ ಆ ಬೆನ್ನು ಒಂದು ದಿನವೂ ತಾಗಿರಲಿಲ್ಲ.

ಬೂದಿಯವನು ಬಗ್ಗಿ ಮೊರದಿಂದ ಒಂದು ಹಿಡಿ ತೆಗೆದು ಎರಚಿದ. ಬೂದಿ ಬಿಳಿ ಬಟ್ಟೆಗೆ ತಾಗಿ, ಒಂದು ಕಣವೂ ಉಳಿಯದೆ, ಸರ್ರನೆ ಹೊಸ್ತಿಲ ಮೇಲೆ ಉದುರಿತು.

"ಒಣ," ಎಂದ ಅವನು.

ದಿನಾ ಬೆಳಿಗ್ಗೆ ಕೇಳಿದ ಮಾತೇ ಅದು. ಒಡೆಯರು ಅಲ್ಲೇ ನಿಂತುಬಿಟ್ಟರು, ತಿರುಗಿ ನೋಡುವ ಧೈರ್ಯ ಅವರಿಗೆ ಬರಲಿಲ್ಲ.